ಅಶ್ವಹೃದಯ

೧

ಮನುಷ್ಯನನ್ನು ಮಾತನಾಡುವ ಪ್ರಾಣಿಯೆಂದು ಕರೆಯುವುದು ಹಿಂದಿನಿಂದ ಬಂದ ರೂಢಿ. ಸ್ನೇಹವು ಬೆಳೆಯುವುದು ಮಾತಿನಿಂದ, ಕಲಹವು ಹುಟ್ಟುವುದೂ ಮಾತಿನಿಂದ. ನ್ಯಾಯಸ್ಥಾನದ ಸಾಕ್ಷ್ಯವೂ ದೇವಾಲಯದ ಪ್ರಾರ್ಥನೆಯೂ ಮಾತನ್ನೇ ನೆಚ್ಚಿಕೊಂಡಿವೆ. ಆದಕಾರಣ ಮಾತು ಬಾರದವನನ್ನಾಗಲಿ, ಬಂದರೂ ಅದನ್ನು ಇತರರಂತೆ ಬಳಸದವನನ್ನಾಗಲಿ ಕಂಡಾಗ, ಅವನೊಳಗೆ ಹೇಳತಕ್ಕದ್ದೇನೂ ಇಲ್ಲವೆಂದು ಲೋಕವು ಬೇಗನೆ ತೀರ್ಮಾನಿಸಿಬಿಡುತ್ತದೆ.

ಬೆಂಗಳೂರಿನ ದಕ್ಷಿಣಭಾಗದಲ್ಲಿರುವ ಸಾರಕ್ಕಿಯು ಒಂದು ಕಾಲಕ್ಕೆ ಉತ್ತರಹಳ್ಳಿ ಹೋಬಳಿಗೆ ಸೇರಿದ, ಕೆರೆಯನ್ನು ನಂಬಿ ಬದುಕಿದ ಗ್ರಾಮ. ಇಂದು ಅದು ಜಯಪ್ರಕಾಶ ನಾರಾಯಣರ ಹೆಸರನ್ನು ಹೊತ್ತ ಬಡಾವಣೆಯೊಳಗೆ ಬೆರೆತುಹೋಗಿದೆ. ಕನಕಪುರ ರಸ್ತೆಯ ಮೇಲ್ಗಡೆ ೨೦೧೭ರಿಂದ ಮೆಟ್ರೋ ರೈಲು ಓಡುತ್ತಿದೆ. ಕೆಳಗೆ ಬಸ್ಸು, ಲಾರಿ, ಆಟೋರಿಕ್ಷಾಗಳ ಸಾಲು. ಪಕ್ಕದಲ್ಲಿ ಸೊಪ್ಪು ತರಕಾರಿ ಮಾರುವವರ ಕೂಗು. ಹಬ್ಬದ ಮುನ್ನಾದಿನವಾದರೆ ಬೂದುಗುಂಬಳ, ಬಾಳೆಕಂದು, ಸೇವಂತಿಗೆಯ ರಾಶಿಗಳ ನಡುವೆ ಕಾಲಿಡುವುದಕ್ಕೂ ತೆರಪಿಲ್ಲ. ಇಂಥ ಸಂದಣಿಯೊಳಗೆ ಏಳು ವರ್ಷದ ಮಗನ ಕೈಹಿಡಿದು ಬಂದ ತಾಯಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಹಿಂದಿನಿಂದ ಒಂದು ವಾಹನವು ಕರ್ಕಶವಾಗಿ ಕೂಗಿಕೊಳ್ಳುತ್ತದೆ. ಬಾಲಕನು ಎರಡು ಕಿವಿಗಳನ್ನೂ ಮುಚ್ಚಿಕೊಂಡು ನೆಲದ ಮೇಲೆ ಕುಳಿತುಬಿಡುತ್ತಾನೆ, ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಾನೆ, ಕಿರುಚುತ್ತಾನೆ. ನಿಂತು ನೋಡುವವರಲ್ಲಿ ಹಿರಿಯರೊಬ್ಬರು, “ಏನಮ್ಮಾ, ಮಗುವನ್ನು ಸ್ವಲ್ಪ ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳಬಾರದೇ?” ಎನ್ನುತ್ತಾರೆ. ತಾಯಿಯು ಉತ್ತರ ಕೊಡುವುದಿಲ್ಲ. ಕೊಟ್ಟು ಕೊಟ್ಟು ಅವಳಿಗೆ ಸಾಕಾಗಿದೆ.

ಇಂಥದೇ ಮಗುವನ್ನು ಊರ ಹೊರಗಿನ ಒಂದು ಕುದುರೆಲಾಯದಲ್ಲಿ ನೋಡಿದರೆ ಬೇರೊಂದು ದೃಶ್ಯವು ಕಾಣಬಹುದು. ತಿಳಿದವರ ಮೇಲ್ವಿಚಾರಣೆಯಲ್ಲಿ ಸಾಧುವಾದ ಕುದುರೆಯೊಂದರ ಮಗ್ಗುಲಲ್ಲಿ ಅವನು ನಿಂತಿದ್ದಾನೆ. ಅಂಗೈಯನ್ನು ಅದರ ಕತ್ತಿನ ಮೇಲಿಟ್ಟಿದ್ದಾನೆ. ಕುದುರೆಯು ಒಂದು ಕಿವಿಯನ್ನು ಅವನ ಕಡೆಗೆ ತಿರುಗಿಸಿ ಸುಮ್ಮನಿದೆ. ಅವನೂ ಸುಮ್ಮನಿದ್ದಾನೆ. ಕುದುರೆಯ ಸಹಾಯದಿಂದ ಇಂಥ ಮಕ್ಕಳಿಗೆ ನೆಮ್ಮದಿಯನ್ನು ತರುವ ಪದ್ಧತಿಯು ಪಾಶ್ಚಾತ್ಯ ದೇಶಗಳಲ್ಲಿ ಕೆಲವು ದಶಕಗಳಿಂದ ಬೆಳೆದು, ಈಚೆಗೆ ಬೆಂಗಳೂರಿನ ಹೊರವಲಯಕ್ಕೂ ಬಂದಿದೆ. ಇದನ್ನು ಒಂದು ವೈದ್ಯಕೀಯ ವಾರ್ತೆಯೆಂದು ಓದಿ ಬಿಡಬಹುದು. ಆದರೆ ಇದರೊಳಗೆ ಧರ್ಮವಿಚಾರಕ್ಕೆ ಸೇರಿದ ಕೆಲವು ಪ್ರಶ್ನೆಗಳು ಅಡಗಿವೆ. ರಸ್ತೆಯಲ್ಲಿ ಮನುಷ್ಯರು ಕೊಡಲಾರದ ಯಾವುದನ್ನು ಕುದುರೆಯು ಕೊಟ್ಟಿತು? ಅದು ಚಿಕಿತ್ಸೆಯಾದರೆ, ಊನವಿದ್ದುದು ಯಾರಲ್ಲಿ? ಈ ಸೇವೆಗಾಗಿ ಆ ಮೂಕಪ್ರಾಣಿಗೆ ಸಲ್ಲತಕ್ಕ ಋಣವೇನು?

೨

ಮೊದಲು ಹೆಸರಿನ ವಿಚಾರ. ಆಟಿಸಂ ಎಂಬ ಪದಕ್ಕೆ ‘ತಾನು’ ಎಂಬರ್ಥದ ಗ್ರೀಕ್ ಶಬ್ದವೇ ಮೂಲ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯನು ೧೯೪೩ರಲ್ಲಿ ಹನ್ನೊಂದು ಮಕ್ಕಳ ಸ್ವಭಾವವನ್ನು ವರ್ಣಿಸಿ ಪ್ರಕಟಿಸಿದ ಲೇಖನದಿಂದ ಈ ಹೆಸರು ಮಕ್ಕಳ ವೈದ್ಯದಲ್ಲಿ ನೆಲೆಗೊಂಡಿತು. ಕನ್ನಡದಲ್ಲಿ ಅದು ‘ಸ್ವಲೀನತೆ’ಯಾಯಿತು. ತನ್ನಲ್ಲಿಯೇ ಲೀನವಾಗಿರುವಿಕೆ ಎಂಬ ಈ ಪದವು ಕಿವಿಗೆ ಇಂಪಾಗಿದೆ. ಯೋಗಿಗಳ ಸ್ಥಿತಿಯನ್ನೂ ನೆನಪಿಗೆ ತರುತ್ತದೆ. ಆದರೆ ಹೆಸರು ಒಮ್ಮೊಮ್ಮೆ ತೀರ್ಪಾಗುತ್ತದೆ. ಮಗುವು ತನ್ನಲ್ಲಿ ಲೀನವಾಗಿದೆ, ಆದ್ದರಿಂದ ಅದಕ್ಕೆ ಇತರರು ಬೇಕಿಲ್ಲ, ಎಂದು ಕೇಳಿದವರು ಭಾವಿಸುತ್ತಾರೆ.

ತೀರ್ಪು ಮಗುವಿನ ಮೇಲೆ ಮಾತ್ರವೇ ಬೀಳಲಿಲ್ಲ. ತಂದೆತಾಯಿಗಳ, ಮುಖ್ಯವಾಗಿ ತಾಯಿಯ, ಪ್ರೀತಿಯ ಕೊರತೆಯಿಂದಲೇ ಮಗುವು ಹೀಗಾಯಿತೆಂಬ ಮಾತು ವಿದ್ವಾಂಸರ ನಡುವೆಯೇ ಹಲವು ವರ್ಷ ಓಡಾಡಿತು. ಬ್ರೂನೋ ಬೆಟಲ್‌ಹೈಮ್ ಎಂಬುವನು ೧೯೬೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಮಗುವನ್ನು ಬರಿದಾದ ಕೋಟೆಗೆ ಹೋಲಿಸಿ, ಆ ಕೋಟೆಯನ್ನು ಕಟ್ಟಿಸಿದ ಹೊಣೆಯನ್ನು ಹೆತ್ತವರ ಮೇಲೆ ಹೊರಿಸಿದನು. ಅದಕ್ಕೆ ಮೂರು ವರ್ಷ ಮೊದಲೇ, ೧೯೬೪ರಲ್ಲಿ, ಸ್ವಲೀನನಾದ ಮಗನೊಬ್ಬನ ತಂದೆಯೂ ಮನಶ್ಶಾಸ್ತ್ರಜ್ಞನೂ ಆಗಿದ್ದ ಬರ್ನಾರ್ಡ್ ರಿಮ್‌ಲೆಂಡ್ ಎಂಬುವನು, ಇದು ಮೆದುಳಿನ ರಚನೆಗೆ ಸಂಬಂಧಿಸಿದುದೇ ಹೊರತು ಸಾಕಣೆಯ ದೋಷವಲ್ಲವೆಂದು ವಾದಿಸಿದ್ದನು. ಮುಂದಿನ ಸಂಶೋಧನೆಗಳು ರಿಮ್‌ಲೆಂಡನ ಪಕ್ಷವನ್ನೇ ಹಿಡಿದವು. ಇದು ಹುಟ್ಟಿಗೆ ಮೊದಲೇ ಆರಂಭವಾಗುವ ಬೆಳವಣಿಗೆಯ ಭೇದ, ಇದರಲ್ಲಿ ಆನುವಂಶಿಕತೆಯ ಪಾಲು ದೊಡ್ಡದು, ತಾಯಿಯ ಪ್ರೀತಿಗೂ ಇದರ ಹುಟ್ಟಿಗೂ ಸಂಬಂಧವಿಲ್ಲ, ಎಂಬುದು ಇಂದು ಸ್ಥಾಪಿತವಾದ ವಿಷಯ. ಆದರೂ ಸಾರಕ್ಕಿಯ ರಸ್ತೆಯಲ್ಲಿ ಆ ಹಿರಿಯರು ಆಡಿದ ಮಾತಿನೊಳಗೆ ಹಳೆಯ ಆಪಾದನೆಯು ಇನ್ನೂ ಉಸಿರಾಡುತ್ತಿದೆ. ಶಾಸ್ತ್ರವು ಹಿಂದಕ್ಕೆ ತೆಗೆದುಕೊಂಡ ಮಾತನ್ನು ಲೋಕವು ಅಷ್ಟು ಸುಲಭವಾಗಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಇಂಥ ಅನೇಕ ಮಕ್ಕಳಿಗೆ ಇಂದ್ರಿಯಗಳು ಮಂದವಾಗಿರುವುದಿಲ್ಲ, ಅತಿಯಾಗಿ ಚುರುಕಾಗಿರುತ್ತವೆ. ಇತರರು ಕೇಳಿ ಮರೆಯುವ ಸದ್ದು ಅವರಿಗೆ ಪೆಟ್ಟಿನಂತೆ ತಗಲುತ್ತದೆ. ಅಂಗಿಯ ಹೊಲಿಗೆಯು ಮುಳ್ಳಾಗುತ್ತದೆ. ಎದುರಿಗಿರುವವನ ಕಣ್ಣನ್ನು ನೋಡುತ್ತಲೇ ಅವನ ಮಾತನ್ನೂ ಕೇಳುವುದು ಎರಡು ಹೊರೆಗಳನ್ನು ಏಕಕಾಲದಲ್ಲಿ ಹೊತ್ತಂತಾಗುತ್ತದೆ. ಹಾಗಿರುವಾಗ ಕಿವಿ ಮುಚ್ಚಿಕೊಂಡು ಕುಳಿತ ಬಾಲಕನದು ಹಟವಲ್ಲ, ಆತ್ಮರಕ್ಷಣೆ. ತಾನೂ ಸ್ವಲೀನನಾದ ಡೇಮಿಯನ್ ಮಿಲ್ಟನ್ ಎಂಬ ಆಂಗ್ಲ ವಿದ್ವಾಂಸನು ೨೦೧೨ರಲ್ಲಿ ಒಂದು ವಿಚಾರವನ್ನು ಮುಂದಿಟ್ಟನು. ಸ್ವಲೀನರು ಇತರರ ಮನಸ್ಸನ್ನು ಅರಿಯರೆಂದು ಹೇಳುವುದು ಅರ್ಧಸತ್ಯ. ಇತರರೂ ಸ್ವಲೀನರ ಮನಸ್ಸನ್ನು ಅರಿಯರು. ಅರಿಯದಿರುವಿಕೆಯು ಎರಡು ದಡಗಳಲ್ಲಿಯೂ ಇದೆ. ಎಂಬುದು ಅದರ ತಾತ್ಪರ್ಯ. ಹೊಳೆಗೆ ಸೇತುವೆಯಿಲ್ಲದಿರುವುದಕ್ಕೆ ಒಂದು ದಡವನ್ನು ಮಾತ್ರ ದೂರುವುದು ಹೇಗೆ?

೩

ಇನ್ನು ಕುದುರೆಯ ವಿಚಾರ. ಅದು ಬೇಟೆಯಾಡುವ ಪ್ರಾಣಿಯಲ್ಲ. ಬೇಟೆಗೆ ಗುರಿಯಾಗುವ ಪ್ರಾಣಿ. ಹುಲ್ಲುಗಾವಲಿನಲ್ಲಿ ಗುಂಪಾಗಿ ಬದುಕಿ, ಅಪಾಯವನ್ನು ಮುಂಚಿತವಾಗಿ ಅರಿತು ಓಡುವುದೇ ಅದರ ಆಯುಧ. ತಲೆಯ ಎರಡು ಪಕ್ಕಗಳಲ್ಲಿರುವ ಕಣ್ಣುಗಳಿಂದ ಅದು ಸುತ್ತಲಿನ ಬಹುಭಾಗವನ್ನು ನೋಡಬಲ್ಲದು. ಮೂಗಿನ ನೇರ ಮುಂದುಗಡೆಯೂ ಬಾಲದ ಹಿಂದುಗಡೆಯೂ ಮಾತ್ರ ಅದಕ್ಕೆ ಮರೆ. ಆದ್ದರಿಂದಲೇ ತಿಳಿದವರು ಕುದುರೆಯನ್ನು ಎದುರಿನಿಂದಲೂ ಹಿಂದಿನಿಂದಲೂ ಸಮೀಪಿಸದೆ, ಹೆಗಲಿನ ಪಕ್ಕದಿಂದ ನಿಧಾನವಾಗಿ ಬರುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕೆಂಬ ಶಿಷ್ಟಾಚಾರವು ಅದರ ಲೋಕದಲ್ಲಿಲ್ಲ. ಮಗುವು ಕಣ್ಣು ತಪ್ಪಿಸಿದರೆ ಅದಕ್ಕೆ ಅವಮಾನವಾಗುವುದಿಲ್ಲ. ಮಗುವು ಒಂದೇ ಪದವನ್ನು ಇಪ್ಪತ್ತು ಸಲ ಹೇಳಿದರೆ ಅದು ನಗುವುದೂ ಇಲ್ಲ.

ಲಾಯದಲ್ಲಿ ನಡೆಯುವ ಕೆಲಸವು ಹೊರಗಿನವರಿಗೆ ಬಹಳ ಸಾಮಾನ್ಯವಾಗಿ ತೋರುತ್ತದೆ. ಮೊದಲ ಕೆಲವು ದಿನಗಳಲ್ಲಿ ಸವಾರಿಯ ಮಾತೇ ಇರುವುದಿಲ್ಲ. ಮಗುವು ಲಾಯದ ವಾಸನೆಗೆ ಒಗ್ಗಬೇಕು. ಬುರುಸಿನಿಂದ ಕುದುರೆಯ ಮೈಯನ್ನು ತಿಕ್ಕಬೇಕು. ಅಂಗೈಯನ್ನು ಚಪ್ಪಟೆಯಾಗಿ ಚಾಚಿ ಕ್ಯಾರಟ್ ತಿನ್ನಿಸಬೇಕು. ತಲೆಗೆ ಗಟ್ಟಿ ಟೊಪ್ಪಿಗೆಯನ್ನು ಹಾಕಿಕೊಳ್ಳುವುದನ್ನು ಸಹಿಸಲು ಕಲಿಯುವುದಕ್ಕೇ ಕೆಲವು ಮಕ್ಕಳಿಗೆ ವಾರಗಳು ಹಿಡಿಯುತ್ತವೆ. ಬಳಿಕ ಮೆಟ್ಟಿಲಿನ ಮೇಲಿಂದ ಮಗುವನ್ನು ಬೆನ್ನಿಗೇರಿಸುತ್ತಾರೆ. ಒಬ್ಬನು ಮುಂದೆ ಕುದುರೆಯನ್ನು ಹಿಡಿದು ನಡೆಯಿಸುತ್ತಾನೆ. ಅವಶ್ಯವಾದರೆ ಎರಡು ಪಕ್ಕಗಳಲ್ಲಿ ಇಬ್ಬರು ಮಗುವಿನ ಕಾಲಿನ ಬಳಿ ಕೈಯಿಟ್ಟು ಜೊತೆಗೆ ಬರುತ್ತಾರೆ. ಕುದುರೆಯು ನಡೆಯುವಾಗ ಅದರ ಬೆನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಹಿಂದೆ ಮುಂದೆ ಮೂರು ಬಗೆಯಲ್ಲಿ ತೂಗುತ್ತದೆ. ಮನುಷ್ಯನು ತಾನೇ ನಡೆದಾಗ ಸೊಂಟಕ್ಕೆ ಉಂಟಾಗುವ ಚಲನೆಗೆ ಅದು ಹತ್ತಿರವಾದುದು. ಅದರ ಮೈಯ ಬಿಸಿ ಸುಮಾರು ೩೮ ಡಿಗ್ರಿ ಸೆಲ್ಸಿಯಸ್, ಮನುಷ್ಯನದಕ್ಕಿಂತ ಸ್ವಲ್ಪ ಹೆಚ್ಚು. ನೆಲದ ಮೇಲೆ ತಾನಾಗಿ ತೂಗಾಡಿ ನೆಮ್ಮದಿಯನ್ನು ಹುಡುಕುತ್ತಿದ್ದ ಮಗುವಿಗೆ ಇಲ್ಲಿ ಮತ್ತೊಂದು ಜೀವವು ತೂಗುವ ತೊಟ್ಟಿಲಾಗುತ್ತದೆ. ‘ನಡೆ’ ಎಂದರೆ ಕುದುರೆಯು ಹೊರಡುತ್ತದೆ. ‘ನಿಲ್ಲು’ ಎಂದರೆ ನಿಲ್ಲುತ್ತದೆ. ಆಡಿದ ಮಾತಿಗೆ ಇಷ್ಟು ಸ್ಪಷ್ಟವಾದ ಫಲವನ್ನು ಆ ಮಗುವು ಬೇರೆಲ್ಲಿಯೂ ಕಂಡಿರಲಾರದು. ಮಾತಿನ ಪ್ರಯೋಜನವೇನೆಂಬುದನ್ನು ಸಾವಿರ ಪಾಠಗಳು ಹೇಳಲಾರದೆ ಹೋದಾಗ, ಒಂದು ಹೆಜ್ಜೆಯು ಹೇಳಿದರೂ ಹೇಳಬಹುದು.

ಕುದುರೆಯ ಬೆನ್ನಿನಿಂದ ದೇಹಕ್ಕೆ ಬಲ ಬರುವುದೆಂಬ ನಂಬಿಕೆಯು ಹಳೆಯದು. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆಯು ೧೯೪೪ರಲ್ಲಿ ಪೋಲಿಯೋ ರೋಗಕ್ಕೆ ತುತ್ತಾಗಿ, ಮೊಣಕಾಲಿನ ಕೆಳಗೆ ಸ್ವಾಧೀನವನ್ನು ಕಳೆದುಕೊಂಡರೂ, ೧೯೫೨ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡೆಯಲ್ಲಿ ಅಶ್ವಾರೋಹಣದಲ್ಲಿ ಬೆಳ್ಳಿಯ ಪದಕವನ್ನು ಪಡೆದಳು. ಯೂರೋಪಿನಲ್ಲಿ ಈ ಪದ್ಧತಿಯು ಹರಡುವುದಕ್ಕೆ ಆಕೆಯ ದೃಷ್ಟಾಂತವು ದೊಡ್ಡ ಪ್ರೇರಣೆಯಾಯಿತು. ಮನಸ್ಸಿನ ವಿಚಾರದಲ್ಲಿ ಪ್ರಮಾಣವನ್ನು ಹುಡುಕುವುದು ಇನ್ನೂ ಕಷ್ಟ. ಅಮೆರಿಕದ ಕೊಲರಾಡೋ ಪ್ರಾಂತದಲ್ಲಿ ನಡೆದು ೨೦೧೫ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಆರರಿಂದ ಹದಿನಾರು ವರ್ಷದೊಳಗಿನ ೧೨೭ ಮಕ್ಕಳನ್ನು ಎರಡು ಗುಂಪು ಮಾಡಿ, ಹತ್ತು ವಾರಗಳ ಕಾಲ ಒಂದು ಗುಂಪಿಗೆ ಸವಾರಿಯನ್ನೂ ಇನ್ನೊಂದಕ್ಕೆ ಜೀವಂತ ಕುದುರೆಯಿಲ್ಲದೆ ಲಾಯದ ಪಾಠಗಳನ್ನೂ ಕೊಟ್ಟು ನೋಡಿದರು. ಸವಾರಿಯ ಗುಂಪಿನಲ್ಲಿ ಸಿಡುಕೂ ಚಡಪಡಿಕೆಯೂ ಹೆಚ್ಚು ತಗ್ಗಿದವು. ಇತರರೊಡನೆ ವ್ಯವಹರಿಸುವುದರಲ್ಲಿಯೂ ಬಳಸುವ ಮಾತುಗಳ ಸಂಖ್ಯೆಯಲ್ಲಿಯೂ ಏರಿಕೆ ಕಂಡಿತು. ಆದರೆ ಸಿಡುಕಿನ ಅಳತೆಯು ಮನೆಯವರೇ ಉತ್ತರಿಸಿದ ಪ್ರಶ್ನಾವಳಿಯಿಂದ ಬಂದುದು. ಯಾವ ಮಗುವಿನ ಸ್ವಲೀನತೆಯೂ ಅಳಿಸಿಹೋಗಲಿಲ್ಲ. ಅದು ಅಳಿಸುವುದೆಂದು ಪರೀಕ್ಷಕರು ಹೇಳಲೂ ಇಲ್ಲ. ದೊರೆತುದು ಮಿತವಾದ ಫಲ. ಆದರೆ ಅದು ಹುಸಿಯೆನ್ನುವಂತಿಲ್ಲ.

೪

ಕುದುರೆಯು ಮನುಷ್ಯನಲ್ಲಿ ಏನನ್ನು ಓದುತ್ತದೆ? ಇದಕ್ಕೆ ಉತ್ತರವು ಒಂದು ಹಳೆಯ ಹಗರಣದೊಳಗಿಂದ ದೊರೆತುದು ಸ್ವಾರಸ್ಯ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬ ವೃದ್ಧ ಉಪಾಧ್ಯಾಯನ ಹತ್ತಿರ ಹಾನ್ಸ್ ಎಂಬ ಕುದುರೆಯಿತ್ತು. ಲೆಕ್ಕವನ್ನು ಕೇಳಿದರೆ ಅದು ಗೊರಸಿನಿಂದ ನೆಲವನ್ನು ತಟ್ಟಿ ಸರಿಯಾದ ಉತ್ತರವನ್ನು ಕೊಡುತ್ತಿದ್ದಿತು. ೧೯೦೪ರಲ್ಲಿ ವಿದ್ವಾಂಸರ ಮಂಡಲಿಯೊಂದು ಪರೀಕ್ಷಿಸಿ ಇದರಲ್ಲಿ ಮೋಸವಿಲ್ಲವೆಂದು ಹೇಳಿತು. ಬಳಿಕ ಆಸ್ಕರ್ ಫುಂಗ್ಸ್ಟ್ ಎಂಬ ಶೋಧಕನು ಒಂದು ವಿಷಯವನ್ನು ಗಮನಿಸಿದನು: ಕೇಳುವವನಿಗೇ ಉತ್ತರವು ತಿಳಿಯದಿದ್ದರೆ ಕುದುರೆಗೂ ತಿಳಿಯದು. ಎಣಿಕೆಯು ಸರಿಯಾದ ಸಂಖ್ಯೆಯನ್ನು ಮುಟ್ಟಿದ ಕ್ಷಣದಲ್ಲಿ ಕೇಳುವವನ ಮೈಯಲ್ಲಿ, ಅವನಿಗೇ ಅರಿವಿಲ್ಲದಂತೆ, ಒಂದು ಬಿಗುವು ಸಡಿಲವಾಗುತ್ತಿದ್ದಿತು. ತಲೆಯು ಎಳ್ಳಷ್ಟು ಮೇಲಕ್ಕೇಳುತ್ತಿದ್ದಿತು. ಹಾನ್ಸ್ ಓದುತ್ತಿದ್ದುದು ಅದನ್ನು. ಗುಟ್ಟು ತಿಳಿದಮೇಲೂ ಫುಂಗ್ಸ್ಟನು ತನ್ನ ಮೈಯ ಆ ಸೂಚನೆಯನ್ನು ಅಡಗಿಸಲು ಕಷ್ಟಪಟ್ಟನಂತೆ. ಅವನ ಗ್ರಂಥವು ೧೯೦೭ರಲ್ಲಿ ಪ್ರಕಟವಾಯಿತು. ಜನರು, ಕುದುರೆಗೆ ಲೆಕ್ಕ ಬಾರದೆಂದು ನಕ್ಕು ಸುಮ್ಮನಾದರು. ಲೆಕ್ಕಕ್ಕಿಂತ ದುರ್ಲಭವಾದ ವಿದ್ಯೆಯೊಂದು ಅದಕ್ಕೆ ಬರುತ್ತಿದ್ದುದನ್ನು ಗಮನಿಸಿದವರು ಕಡಮೆ. ಮನುಷ್ಯನು ಆಡುವ ಮಾತನ್ನು ಬಿಟ್ಟು, ಅವನು ಆಡದಿರುವುದನ್ನು ಅದು ಓದುತ್ತಿದ್ದಿತು.

ಸಾರಕ್ಕಿಯ ಬಾಲಕನ ಸ್ಥಿತಿಯನ್ನು ಇದರ ಬೆಳಕಿನಲ್ಲಿ ನೋಡಬೇಕು. ಮನುಷ್ಯರ ನಡುವೆ ಅವನು ಸೋಲುವುದಕ್ಕೆ ಒಂದು ಕಾರಣವೆಂದರೆ, ಅವರ ಮಾತೊಂದು, ಮುಖವೊಂದು, ಮನಸ್ಸೊಂದು ಆಗಿರುವುದು. ‘ಪರವಾಗಿಲ್ಲ’ ಎನ್ನುವ ಬಾಯಿಯ ಮೇಲೆ ಬೇಸರದ ಹುಬ್ಬಿರುತ್ತದೆ. ಇತರ ಮಕ್ಕಳು ಈ ಮೂರನ್ನೂ ಕೂಡಿಸಿ ಕಳೆದು ಅರ್ಥ ಮಾಡಿಕೊಳ್ಳುತ್ತಾರೆ. ಇವನಿಗೆ ಅದು ಬಿಡಿಸಲಾರದ ಲೆಕ್ಕ. ಕುದುರೆಯಲ್ಲಿ ಈ ಭೇದವಿಲ್ಲ. ಹೆದರಿದರೆ ಅದರ ಮೈಯೆಲ್ಲ ಹೆದರುತ್ತದೆ. ನೆಮ್ಮದಿಯಾದರೆ ಕಿವಿ, ಕತ್ತು, ಕೆಳದುಟಿ ಎಲ್ಲವೂ ನೆಮ್ಮದಿಯನ್ನೇ ಹೇಳುತ್ತವೆ. ಮಗುವಿನಲ್ಲಿಯೂ ಅದೇ ಐಕ್ಯವುಂಟು. ಎರಡು ಕಪಟವಿಲ್ಲದ ಜೀವಗಳು ಒಂದರ ಬಳಿ ಒಂದು ನಿಂತಿವೆಯೆಂದರೆ ಅದು ಪವಾಡವಲ್ಲ, ಸಹಜವಾದ ಭೇಟಿ. ಆದರೆ ಇದನ್ನು ಅತಿಯಾಗಿ ಹಿಗ್ಗಿಸಿ, ಕುದುರೆಯು ಮಗುವಿನ ಆತ್ಮವನ್ನೇ ಕಂಡಿತೆಂದು ಹೇಳುವುದು ಕುದುರೆಯ ಮೇಲೆ ಮನುಷ್ಯನ ಕಾವ್ಯವನ್ನು ಹೇರಿದಂತಾಗುವುದು. ಅದು ಕಂಡದ್ದು ಒಂದು ಸಣ್ಣ ಮೈಯನ್ನು. ಆ ಮೈಯೊಳಗೆ ತನಗೆ ಕೇಡಿಲ್ಲವೆಂಬುದನ್ನು. ಅಷ್ಟೇ ಸಾಕು.

ಮಹಾಭಾರತದ ನಳನ ಕಥೆಯಲ್ಲಿ, ಕನಕದಾಸರ ಕಾವ್ಯದಿಂದ ಕನ್ನಡಿಗರಿಗೆ ಮನೆಮಾತಾದ ಆ ಕಥೆಯಲ್ಲಿ, ‘ಅಶ್ವಹೃದಯ’ವೆಂಬ ವಿದ್ಯೆಯ ಪ್ರಸ್ತಾಪ ಬರುತ್ತದೆ. ರಾಜ್ಯವನ್ನೂ ರೂಪವನ್ನೂ ಕಳೆದುಕೊಂಡು, ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಆಸ್ಥಾನದಲ್ಲಿ ಸಾರಥಿಯಾಗಿದ್ದ ನಳನು, ಒಂದೇ ದಿನದಲ್ಲಿ ವಿದರ್ಭವನ್ನು ಸೇರಬೇಕಾದಾಗ, ನೋಡುವುದಕ್ಕೆ ಬಡಕಲಾದ ಕುದುರೆಗಳನ್ನು ಆರಿಸುತ್ತಾನೆ. ಇವು ಅಷ್ಟು ದೂರ ಓಡಬಲ್ಲವೇ ಎಂದು ರಾಜನಿಗೆ ಸಂಶಯ. ನಳನಿಗೆ ಸಂಶಯವಿಲ್ಲ, ಅವನು ಮೈಯ ಪುಷ್ಟಿಯನ್ನು ನೋಡಿ ಆರಿಸಿದವನಲ್ಲ. ಎಣಿಕೆಯ ವಿದ್ಯೆಯಾದ ಅಕ್ಷಹೃದಯವನ್ನು ಬಲ್ಲ ಋತುಪರ್ಣನು ಮರದ ಎಲೆಗಳನ್ನೂ ಕಾಯಿಗಳನ್ನೂ ಒಂದು ನೋಟದಲ್ಲಿ ಲೆಕ್ಕ ಹಾಕಬಲ್ಲನು. ಆದರೆ ತನ್ನ ರಥವನ್ನು ಎಳೆಯುವ ಕುದುರೆಯ ಅಂತರಂಗವನ್ನು ಅವನು ಅರಿಯನು. ಕೊನೆಗೆ ಇಬ್ಬರೂ ವಿದ್ಯೆಗಳನ್ನು ವಿನಿಮಯ ಮಾಡಿಕೊಳ್ಳುತ್ತಾರೆ. ಎಣಿಕೆಯನ್ನು ಬಲ್ಲವನಿಗೆ ಹೃದಯದ ಅರಿವೂ, ಹೃದಯವನ್ನು ಬಲ್ಲವನಿಗೆ ಎಣಿಕೆಯ ಅರಿವೂ ಬೇಕೆಂಬುದು ಕಥೆಯ ಒಳಗುಟ್ಟು. ಮಕ್ಕಳ ಚಿಕಿತ್ಸೆಯಲ್ಲಿಯೂ ಈ ವಿನಿಮಯವೇ ಬೇಕಾದುದು. ಪರೀಕ್ಷೆಗಳೂ ಅಂಕಿಗಳೂ ಇಲ್ಲದ ಭಾವುಕತೆಯು ಕುರುಡು; ಮಗುವಿನ ಪಕ್ಕದಲ್ಲಿ ಸುಮ್ಮನೆ ನಿಲ್ಲಲಾರದ ಅಂಕಿಸಂಖ್ಯೆಯು ಕಿವುಡು.

೫

ಇಷ್ಟಾದರೂ ಈ ಪದ್ಧತಿಯ ಮೇಲೆ ಮೂರು ಆಕ್ಷೇಪಗಳನ್ನು ಎತ್ತಬಹುದು, ಮೂರೂ ತೂಕವುಳ್ಳವು.

ಮೊದಲನೆಯದು ಆಸೆಯ ವಿಚಾರ. ಸ್ವಲೀನ ಮಗುವಿನ ತಂದೆತಾಯಿಗಳು ನೂರು ಬಾಗಿಲುಗಳನ್ನು ತಟ್ಟಿದವರು. ಅವರ ಕಿವಿಗೆ ‘ಗುಣವಾಗುತ್ತದೆ’ ಎಂಬ ಪದವು ಬಿದ್ದರೆ, ಸಾಲ ಮಾಡಿಯಾದರೂ ಅಲ್ಲಿಗೆ ಓಡುತ್ತಾರೆ. ಸಾರಕ್ಕಿಯಿಂದ ನಗರದ ಆಚೆಯ ಅಶ್ವಶಾಲೆಗೆ ಹೋಗಿಬರುವುದಕ್ಕೆ ಅರ್ಧ ದಿನ ಬೇಕು. ಕೂಲಿಯಿಂದ ಬದುಕುವ ಮನೆಗೆ ಆ ಅರ್ಧ ದಿನವೇ ಒಂದು ದಂಡ. ಹೀಗಿರುವಾಗ ಇಲ್ಲದ ಫಲವನ್ನು ಇದೆಯೆನ್ನುವುದು ವಂಚನೆ. ಅದು ದಯೆಯ ವೇಷವನ್ನು ತೊಟ್ಟಿದ್ದರೆ ಇನ್ನೂ ದೊಡ್ಡ ವಂಚನೆ. ರೂಪರ್ಟ್ ಐಸಾಕ್‌ಸನ್ ಎಂಬ ಲೇಖಕನು ತನ್ನ ಸ್ವಲೀನ ಮಗನನ್ನು ೨೦೦೭ರಲ್ಲಿ ಮಂಗೋಲಿಯಾ ದೇಶದ ಬಯಲಿನಲ್ಲಿ ಕುದುರೆಯ ಮೇಲೆ ಕರೆದೊಯ್ದ ವೃತ್ತಾಂತವು ೨೦೦೯ರಲ್ಲಿ ಪುಸ್ತಕವಾಗಿ ಲೋಕಪ್ರಸಿದ್ಧವಾಯಿತು. ಹುಡುಗನ ಅಳಲೂ ಭಯವೂ ಬಹಳವಾಗಿ ತಗ್ಗಿದುವೆಂದು ಹೇಳುವ ತಂದೆಯು, ಸ್ವಲೀನತೆಯು ಹೋಯಿತೆಂದು ಮಾತ್ರ ಹೇಳುವುದಿಲ್ಲ. ಆ ಮಿತಿಯೇ ಅವನ ಮಾತಿಗೆ ಬೆಲೆ ತಂದಿದೆ. ಕುದುರೆಯ ಹೆಸರಿನಲ್ಲಿ ಹಣ ಪಡೆಯುವವರೆಲ್ಲರೂ ಕನಿಷ್ಠ ಇಷ್ಟು ಸತ್ಯವನ್ನು ಹೇಳತಕ್ಕದ್ದು: ಇದು ಔಷಧವಲ್ಲ, ಮಾತಿನ ಶಿಕ್ಷಣ, ಶಾಲೆ, ಮನೆಯ ಅಭ್ಯಾಸ ಇವುಗಳ ಸ್ಥಾನವನ್ನು ಇದು ತುಂಬಲಾರದು, ಇದರಿಂದ ಕೆಲವು ಮಕ್ಕಳಿಗೆ ಸಂತೋಷವುಂಟು, ಕೆಲವರಿಗೆ ಭಯವೇ ಆಗಬಹುದು.

ಎರಡನೆಯ ಆಕ್ಷೇಪವು ಕುದುರೆಯ ಪಕ್ಷದ್ದು. ಅದರ ಒಪ್ಪಿಗೆಯನ್ನು ಕೇಳಿದವರಾರು? ಮನುಷ್ಯನ ಚರಿತ್ರೆಯಲ್ಲಿ ಕುದುರೆಯಷ್ಟು ದುಡಿದು ಕುದುರೆಯಷ್ಟು ಕಡಮೆ ಪಡೆದ ಪ್ರಾಣಿಯು ಅಪರೂಪ. ಯಾಗಕ್ಕೆ ಅದು ಬೇಕಾಯಿತು, ಯುದ್ಧಕ್ಕೆ ಬೇಕಾಯಿತು. ಕುಣಿಗಲಿನಲ್ಲಿ ಟಿಪ್ಪುವಿನ ಕಾಲದಲ್ಲಿಯೇ ಸೈನ್ಯಕ್ಕಾಗಿ ಕುದುರೆಗಳನ್ನು ಬೆಳೆಸುತ್ತಿದ್ದರು. ಮುಂದೆ ಅದೇ ನೆಲದಲ್ಲಿ ಪಂದ್ಯದ ಕುದುರೆಗಳು ಬೆಳೆದವು. ಬೆಂಗಳೂರಿನ ಬೀದಿಗಳಲ್ಲಿ ಜಟಕಾಬಂಡಿಯನ್ನು ಎಳೆದು ಸವೆದುಹೋದ ಕುದುರೆಗಳಿಗೆ ಲೆಕ್ಕವಿಲ್ಲ. ದಾರ್ಶನಿಕರೂ ಅದನ್ನು ಬಿಡಲಿಲ್ಲ. ಕಠೋಪನಿಷತ್ತು ದೇಹವನ್ನು ರಥವೆಂದೂ ಇಂದ್ರಿಯಗಳನ್ನು ಕುದುರೆಗಳೆಂದೂ ರೂಪಿಸಿ, ಅವುಗಳನ್ನು ಹತೋಟಿಯಲ್ಲಿಡುವುದನ್ನು ಬೋಧಿಸಿತು. ಲಗಾಮಿನ ಆಚೆಗೆ ಕುದುರೆಯೆಂಬ ಜೀವವೊಂದಿದೆಯೆಂಬುದು ಈ ಎಲ್ಲ ಉಪಯೋಗಗಳ ನಡುವೆ ಮರೆತುಹೋಗುವಂತಾಯಿತು. ಪೂರ್ತಿಯಾಗಿ ಮರೆಯಲಿಲ್ಲವೆಂಬುದಕ್ಕೆ ಕನ್ನಡದಲ್ಲಿಯೇ ಸಾಕ್ಷಿಯುಂಟು, ಕ್ರಿ. ಶ. ೧೪೦೦ರ ಸುಮಾರಿನಲ್ಲಿ ಅಭಿನವಚಂದ್ರನೆಂಬ ಕವಿಯು ಅಶ್ವವೈದ್ಯವನ್ನು ಕನ್ನಡದಲ್ಲಿ ಬರೆದನು. ಅಂದು ಮನುಷ್ಯನು ಕುದುರೆಗೆ ವೈದ್ಯನಾದನು. ಇಂದು ಕುದುರೆಯು ಮನುಷ್ಯನ ಮಗುವಿಗೆ ವೈದ್ಯನಾಗಿದೆ. ವೈದ್ಯನಿಗೆ ಸಲ್ಲುವ ಗೌರವವು ಅದಕ್ಕೆ ಸಲ್ಲುತ್ತಿದೆಯೇ?

ಒಪ್ಪಿಗೆಯನ್ನು ಮಾತಿನಲ್ಲಿ ಕೊಡಲಾರದ ಜೀವವು ಅದನ್ನು ಮೈಯಿಂದ ಕೊಡುತ್ತದೆ, ಮೈಯಿಂದಲೇ ನಿರಾಕರಿಸುತ್ತದೆ. ಕಿವಿಗಳನ್ನು ಹಿಂದಕ್ಕೆ ಒತ್ತಿ ಮಡಿಸುವುದು, ಬಾಲವನ್ನು ಬಿರುಸಾಗಿ ಬೀಸುವುದು, ಹಲ್ಲು ಕಡಿಯುವುದು, ಜೀನು ಹತ್ತಿರ ಬಂದೊಡನೆ ಸರಿದು ನಿಲ್ಲುವುದು, ಇವೆಲ್ಲವೂ ‘ಒಲ್ಲೆ’ ಎಂಬ ಮಾತಿನ ರೂಪಗಳು. ಇವನ್ನು ಕಂಡು ಆ ದಿನದ ಕೆಲಸವನ್ನು ನಿಲ್ಲಿಸುವ ಲಾಯದಲ್ಲಿ ಧರ್ಮವಿದೆ. ಕಂಡೂ ಕಾಣದಂತೆ ನಡೆಯಿಸುವಲ್ಲಿ ಇಲ್ಲ. ಪಂದ್ಯದಲ್ಲಿ ಓಡಿ ಎಳೆಯ ಪ್ರಾಯದಲ್ಲಿಯೇ ನಿವೃತ್ತವಾದ ಕುದುರೆಗಳಲ್ಲಿ ಸಾಧುಸ್ವಭಾವದವಕ್ಕೆ ಇಂಥ ಕೆಲಸವು ಒಂದು ಹೊಸ ಬಾಳಾಗಬಹುದು. ಆದರೆ ದುಡಿಮೆಗೆ ಮಿತಿ, ಮೇಯುವುದಕ್ಕೆ ಬಯಲು, ತನ್ನ ಜಾತಿಯ ಜೊತೆ, ಮುಪ್ಪಿನಲ್ಲಿ ಹುಲ್ಲು ಹುರುಳಿ, ಇವು ಇದ್ದರೆ ಮಾತ್ರ. ಮಾತಿಲ್ಲದ ಮಗುವಿನ ಇಂಗಿತವನ್ನು ಅರಿಯಬೇಕೆಂದು ಬಂದವರು ಮಾತಿಲ್ಲದ ಕುದುರೆಯ ಇಂಗಿತವನ್ನು ಅಲಕ್ಷಿಸಿದರೆ, ಅವರು ಕಲಿಯಬೇಕಾದ ಪಾಠವನ್ನು ಮೊದಲ ದಿನವೇ ಕಳೆದುಕೊಂಡರು. ಮಗುವಿನ ಎದುರಿಗೇ ಅವರು ತೋರಿಸಿಕೊಟ್ಟುದು, ಬಾಯಿಲ್ಲದವನ ‘ಒಲ್ಲೆ’ಗೆ ಬೆಲೆಯಿಲ್ಲವೆಂಬುದನ್ನು.

ಮೂರನೆಯ ಆಕ್ಷೇಪವು ಎಲ್ಲಕ್ಕಿಂತ ಆಳವಾದುದು. ಚಿಕಿತ್ಸೆಯ ಗುರಿಯೇನು? ಮಗುವನ್ನು ಇತರರಂತೆ ಮಾಡುವುದೇ? ಕೈಯಾಡಿಸುವುದನ್ನು ನಿಲ್ಲಿಸಿ, ಕಣ್ಣಿಗೆ ಕಣ್ಣು ಕೊಡಿಸಿ, ನೋಡುವವರಿಗೆ ಮುಜುಗರವಾಗದಂತೆ ಅವನನ್ನು ತಿದ್ದುವುದೇ? ಹಾಗಾದರೆ ಅದು ನೋಡುವವರ ಚಿಕಿತ್ಸೆ, ಮಗುವಿನದಲ್ಲ. ಮಗುವಿಗೆ ಬೇಕಾದುದು ಬೇರೆ: ನೋವಾದಾಗ ನೋವೆಂದು ತಿಳಿಸುವ ಒಂದು ದಾರಿ, ಭಯವಿಲ್ಲದೆ ಬೀದಿ ದಾಟುವ ಶಕ್ತಿ, ತನ್ನವರೆನ್ನುವ ಕೆಲವರು, ಮಾಡಲು ಇಷ್ಟವಾದ ಒಂದು ಕೆಲಸ. ಕುದುರೆಯು ಮಗುವನ್ನು ತಿದ್ದುವುದಿಲ್ಲ. ಅದಕ್ಕೆ ತಿದ್ದತಕ್ಕ ಅವಶ್ಯಕತೆಯೇ ಕಾಣುವುದಿಲ್ಲ. ಆದರೂ ಅದರ ಬಳಿ ಮಗುವು ಕಲಿಯುತ್ತದೆ. ಮೊದಲು ಒಪ್ಪಿಗೆ, ಆಮೇಲೆ ಶಿಕ್ಷಣ, ಎಂಬ ಕ್ರಮವನ್ನು ಆ ಪ್ರಾಣಿಯು ಅರಿಯದೆಯೇ ಪಾಲಿಸುತ್ತದೆ. ಮನುಷ್ಯರು ಅರಿತೂ ಅದನ್ನು ತಲೆಕೆಳಗು ಮಾಡುತ್ತಾರೆ: ಮೊದಲು ಸರಿಯಾಗು, ಆಮೇಲೆ ಒಪ್ಪುತ್ತೇವೆ, ಎನ್ನುತ್ತಾರೆ.

೬

ಹಾಗಾದರೆ ಕುದುರೆಯು ಕೊಟ್ಟುದೇನೆಂಬ ಮೊದಲ ಪ್ರಶ್ನೆಗೆ ಉತ್ತರವು ಇಲ್ಲಿಯೇ ಇದೆ. ಅದು ಅವಸರಪಡಲಿಲ್ಲ, ಆಪಾದಿಸಲಿಲ್ಲ, ಮಾತಿಗಾಗಿ ಕಾಡಲಿಲ್ಲ, ಬಂದ ಮಾತಿಗೆ ಓಗೊಟ್ಟಿತು. ಇವುಗಳಲ್ಲಿ ಒಂದಾದರೂ ನಾಲ್ಕು ಕಾಲುಗಳಿರುವವರಿಂದ ಮಾತ್ರ ಸಾಧ್ಯವಾಗುವ ಗುಣವಲ್ಲ. ಬೆನ್ನಿನ ತೂಗಾಟವನ್ನೂ ಮೈಯ ಬಿಸಿಯನ್ನೂ ಮನುಷ್ಯರು ಕೊಡಲಾರರೆಂಬುದು ನಿಜ, ಉಳಿದುದೆಲ್ಲವನ್ನೂ ಕೊಡಬಲ್ಲರು. ಕೊಡದಿರುವುದರಿಂದಲೇ ಅದನ್ನು ಲಾಯದಲ್ಲಿ ಹುಡುಕಬೇಕಾಗಿ ಬಂದಿದೆ. ಎಲ್ಲ ಮಕ್ಕಳನ್ನೂ ಕುದುರೆಯ ಬಳಿಗೆ ಕಳುಹಿಸುವುದು ಆಗದ ಮಾತು. ಕುದುರೆಯ ಗುಣವನ್ನು ಮಕ್ಕಳ ಬಳಿಗೆ ತರುವುದು ಆಗುವ ಮಾತು. ಲಾಯದಲ್ಲಿ ವಾರಕ್ಕೆ ಒಂದು ಗಂಟೆ ದೊರೆತ ನೆಮ್ಮದಿಯು ಮನೆಯ ಬಾಗಿಲಲ್ಲಿ, ಶಾಲೆಯ ಬೆಂಚಿನ ಮೇಲೆ, ಬಸ್ಸಿನ ಸಾಲಿನಲ್ಲಿ ಮುರಿದುಹೋಗುವುದಾದರೆ ಅದರಿಂದ ಬಂದ ಲಾಭವೇನು?

೧೯೯೫ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಸ್ವಲೀನತೆಯ ಹೆಸರಿರಲಿಲ್ಲ. ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆಯು ಅದನ್ನು ಗುರುತಿಸಿತು. ೨೦೧೬ರ ಹಕ್ಕುಗಳ ಕಾಯಿದೆಯು ಇಪ್ಪತ್ತೊಂದು ಬಗೆಯ ವೈಕಲ್ಯಗಳಲ್ಲಿ ಅದನ್ನೂ ಸೇರಿಸಿ, ಇತರರೊಡನೆ ಕೂಡಿ ಕಲಿಯುವುದು ಮಗುವಿನ ಹಕ್ಕೆಂದು ಸಾರಿತು. ಕಾಯಿದೆಯು ಶಾಲೆಯ ಬಾಗಿಲನ್ನು ತೆರೆಯಿಸಬಲ್ಲದು. ಒಳಗೆ ಹೋದ ಮಗುವು ಉತ್ತರ ಹೇಳುವುದಕ್ಕೆ ತೆಗೆದುಕೊಳ್ಳುವ ಅರ್ಧ ನಿಮಿಷವನ್ನು ತಾಳ್ಮೆಯಿಂದ ಕಾಯುವಂತೆ ಉಪಾಧ್ಯಾಯರ ಮನಸ್ಸಿಗೆ ಆಜ್ಞೆ ಮಾಡಲಾರದು. ಅಲ್ಲಿಂದ ಮುಂದಿನದು ಧರ್ಮದ ಕ್ಷೇತ್ರ.

ಸಾರಕ್ಕಿಯ ಕೆರೆಯಿಂದಲೂ ಇದಕ್ಕೊಂದು ಹೋಲಿಕೆಯನ್ನು ತೆಗೆದುಕೊಳ್ಳಬಹುದು. ಸುಮಾರು ಎಂಬತ್ತೆರಡು ಎಕರೆಯ ಆ ಕೆರೆಯ ಅಂಗಳವು ನೀರು ತಗ್ಗಿದ ಕಾಲದಲ್ಲಿ ಹಲವರ ಕಣ್ಣಿಗೆ ಬರಿಯ ಖಾಲಿ ಜಾಗವಾಗಿ ಕಂಡಿತು. ಖಾಲಿಯೆಂದು ಕಂಡುದನ್ನು ಸ್ವಲ್ಪ ಸ್ವಲ್ಪವಾಗಿ ತುಂಬಿದರು, ಮನೆಗಳೆದ್ದವು. ೨೦೧೫ರಲ್ಲಿ ಒತ್ತುವರಿಯನ್ನು ತೆರವು ಮಾಡಿದಾಗ, ತಿಳಿದೋ ತಿಳಿಯದೆಯೋ ಅಲ್ಲಿ ನೆಲೆಸಿದವರ ಕಣ್ಣೀರೂ ಆ ಲೆಕ್ಕಕ್ಕೆ ಸೇರಿತು. ನೀರಿನ ಜಾಗವು ನೀರಿಲ್ಲದಾಗಲೂ ನೀರಿನದೇ ಎಂಬುದನ್ನು ಅರಿಯುವುದಕ್ಕೆ ಊರು ಅಷ್ಟು ಬೆಲೆಯನ್ನು ತೆರಬೇಕಾಯಿತು. ಮಾತಿಲ್ಲದ ಮಗುವಿನ ಮೌನವೂ ಅಂಥದೇ ಅಂಗಳ. ಅದನ್ನು ಬರಿದೆಂದು ಬಗೆದು ಹಿರಿಯರು ತಮ್ಮ ಮಾತುಗಳಿಂದ, ಅಪ್ಪಣೆಗಳಿಂದ, ಕನಿಕರದಿಂದ ತುಂಬುತ್ತಾ ಹೋಗುತ್ತಾರೆ. ಅದು ಅವನ ಜಾಗ. ಅಲ್ಲಿ ಏನು ತುಂಬಬೇಕೋ ಅದು ತನ್ನ ಕಾಲಕ್ಕೆ ತುಂಬಿಕೊಳ್ಳುವಂತೆ ಬಿಡುವುದೇ ಸುತ್ತಲಿನವರ ಕೆಲಸ.

ಮತ್ತೊಮ್ಮೆ ಅದೇ ರಸ್ತೆ, ಅದೇ ಸಂದಣಿ. ಬಾಲಕನು ಕಿವಿ ಮುಚ್ಚಿಕೊಂಡು ಕುಳಿತಿದ್ದಾನೆ. ತರಕಾರಿಯ ಅಂಗಡಿಯಾಕೆಯು ಕೂಗುವುದನ್ನು ನಿಲ್ಲಿಸಿ, ತನ್ನ ಬುಟ್ಟಿಯನ್ನು ಸರಿಸಿ, ತಾಯಿಗೂ ಮಗನಿಗೂ ಗೋಡೆಯ ಪಕ್ಕದಲ್ಲಿ ಸ್ವಲ್ಪ ನೆರಳು ಬಿಡುತ್ತಾಳೆ. ಹಿಂದಿನ ಆಟೋರಿಕ್ಷಾದವನು ಹಾರನ್ನಿನಿಂದ ಕೈ ತೆಗೆದು ಕಾಯುತ್ತಾನೆ. ಬುದ್ಧಿ ಹೇಳಿದ್ದ ಹಿರಿಯರು ಈ ಸಲ ಏನನ್ನೂ ಹೇಳದೆ, ಎದುರಿಗೆ ನಿಲ್ಲದೆ, ಮಗ್ಗುಲಲ್ಲಿ ಕೊಂಚ ದೂರದಲ್ಲಿ ನಿಲ್ಲುತ್ತಾರೆ. ಅವರಲ್ಲಿ ಯಾರೂ ಕುದುರೆಯನ್ನು ಏರಿದವರಲ್ಲ. ಅಶ್ವಶಾಸ್ತ್ರವನ್ನು ಓದಿದವರೂ ಅಲ್ಲ. ಆದರೆ ನಳನು ಋತುಪರ್ಣನಿಗೆ ಕೊಟ್ಟ ವಿದ್ಯೆಯಲ್ಲಿ ಒಂದು ಪಾಲು ಅವರಿಗೆ ಬಂದಿದೆ. ಸ್ವಲ್ಪ ಹೊತ್ತಿನಲ್ಲಿ ಬಾಲಕನು ಒಂದು ಕಿವಿಯಿಂದ ಕೈಯನ್ನು ತೆಗೆಯುತ್ತಾನೆ.